ಒಂದೇ ಓಟಿನ ಮಂತ್ರಿ

ಪೋರ್ಟ್ ಕೆಂಬ್ಲಾದ ಶಾಲೆಯಲ್ಲಿ ಮತ ಹಾಕುವ ಸಾಲು ನಿಧಾನವಾಗಿ ಸರಿಯುತ್ತಿತ್ತು. ಮುಂದೆ ನಿಂತ ವಯಸ್ಸಾದ ದಂಪತಿಯ ಮಾತಿಗೆ ಕಿವಿಗೊಡುವುದು ಸಭ್ಯತೆಯಲ್ಲವೆಂದು ವಿಲ್ಮಾಗೆ ಗೊತ್ತಿತ್ತು. ಆದರೆ ಗಂಡನ ದನಿ ದೊಡ್ಡದು.

"ನೋಡು ಜೋಯ್ಲೀನ್, ಗೇಟಿನ ತುಂಬ ಪೋಸ್ಟರಲ್ಲಿ ಅವನದೇ ಮುಖ. ಹೊಸ ಹಲ್ಲು ಬೇರೆ ಕಟ್ಟಿಸ್ಕೊಂಡಿದ್ದಾನೆ."

"ಮಂತ್ರಿ ಆದೋನು ಬೊಚ್ಚು ಬಾಯಲ್ಲಿ ಓಡಾಡ್ತಾನಾ? ಹೊಟ್ಟೆಕಿಚ್ಚು ಮನೇಲಿ ಬಿಟ್ಟು ಬಾ ಅಂದಿದ್ದೆ, ಮರ್ವ್."

"ಯೂನಿಯನ್ ಕಾರ್ಯದರ್ಶಿ, ಆಮೇಲೆ ಎಂ.ಪಿ., ಈಗ ಮಂತ್ರಿ. ಎಲ್ಲಾ ಶುರುವಾಗಿದ್ದು ನಮ್ಮ ಉಕ್ಕಿನ ಕಾರ್ಖಾನೆ ಊಟದ ಕೋಣೇಲಿ. ಕಾರ್ಮಿಕರ ಪ್ರತಿನಿಧಿ ಆಗೋಕೆ ನಾವಿಬ್ಬರೇ ನಿಂತಿದ್ವಿ. ಕೈ ಎತ್ತೋ ಓಟು. ಒಂದೇ ಓಟಲ್ಲಿ ಗೆದ್ದ."

"ಗೊತ್ತು. ಆ ಓಟು ನಿಂದೇ."

"ಎಲ್ಲರೆದುರು ನನಗೆ ನಾನೇ ಕೈ ಎತ್ಕೊಳ್ಳೋಕೆ ನಾಚಿಕೆ ಆಯ್ತು ಕಣೇ, ಅವನಿಗೆ ಎತ್ತಿದೆ. ಅವನೂ ನನಗೇ ಎತ್ತುತ್ತಾನೆ ಅಂದ್ಕೊಂಡೆ."

"ಅವನು ತನಗೇ ಎತ್ಕೊಂಡ. ನಲವತ್ತು ವರ್ಷದಿಂದ ಇದೇ ಕಥೆ. ಈಗೇನು, ಆ ಕಡೆ ಪಕ್ಷಕ್ಕೆ ಹಾಕ್ತೀಯಾ?"

"ಛೀ! ನಮ್ಮಪ್ಪ ಗೋರಿಯಿಂದ ಎದ್ದು ಬಂದಾನು."

"ಹಾಗಾದ್ರೆ ಅವನ ಹೆಸರಿನ ಮುಂದೆ ಮೊದಲ ಆಯ್ಕೆ ಅಂತ ಒಂದು ಬರೆದು ಸುಮ್ನೆ ಬಾ."

ಅಷ್ಟರಲ್ಲಿ ಮೇಜಿನ ಹಿಂದಿದ್ದ ಅಧಿಕಾರಿಣಿ ಮರ್ವ್‌ನನ್ನು ಕರೆದರು. ಹೆಸರು, ವಿಳಾಸ ಕೇಳಿ, ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಈ ಚುನಾವಣೇಲಿ ಮೊದಲೇ ಮತ ಹಾಕಿದ್ದೀರಾ?"

"ಅವನಿಗಾ? ಒಂದ್ಸಲ ಹಾಕಿದ್ದೀನಮ್ಮ. ಅದೇ ಇನ್ನೂ ಓಡ್ತಾ ಇದೆ."

ಜೋಯ್ಲೀನ್ ಪಕ್ಕೆಗೆ ತಿವಿದಳು. "ಇಲ್ಲ ಅನ್ನು."

"ಇಲ್ಲ," ಎಂದ ಮರ್ವ್. ಮತಪತ್ರ ಇಸಿದುಕೊಂಡು, "ಇದೂ ಅವನಿಗೇ ಹೋಗ್ಲಿ," ಎಂದು ಗೊಣಗುತ್ತ ರಟ್ಟಿನ ಮರೆಯತ್ತ ನಡೆದ.