ಒಡೆದ ಅಳತೆ ಗಾಜು

...ಐದು ಪಟ್ಟು, ಶ್ರೀಲತಾ! ಒಂದಲ್ಲ ಎರಡಲ್ಲ, ಐದು ಪಟ್ಟು! ಜುಲೈ ತಿಂಗಳಲ್ಲಿ ಶಿಕಾರಿಪುರಕ್ಕೆ ಸಾವಿರದ ಮುನ್ನೂರು ಮಿಲಿಮೀಟರ್ ಮಳೆ ಅಂತ ವಿಜ್ಞಾನ ಮಾಸಿಕದಲ್ಲಿ ಬರೆದೆಯಲ್ಲ, ಒಂದು ಸಲ ಲೆಕ್ಕ ನೋಡಲಿಲ್ವಾ? ನಿಮಗಿಂತ ಹೆಚ್ಚು ಮಳೆ ಬೀಳೋ ಈ ಜಡೆ ಊರಲ್ಲಿ ನಮಗೇ ಅದರಲ್ಲಿ ಅರ್ಧ ಬಿದ್ದಿಲ್ಲ ಕಣೇ! ಕೂತ್ಕೋ, ಕೂತ್ಕೋ. ಬಸ್ಸಲ್ಲಿ ನಿಂತೇ ಬಂದಿರ್ತೀಯ. ಶೋಕೇಸಿನ ಪಕ್ಕ ಕುರ್ಚಿ ಇದೆ ನೋಡು.

ಯಾಕೆ ಹಾಗೆ ನೋಡ್ತೀಯ? ನಗ್ತಿಲ್ಲಮ್ಮ ನಾನು. ಈ ಸಲದ ಓದುಗರ ಪತ್ರ ನೋಡಿದ್ಯಾ? ಇರು, ಕನ್ನಡಕ... ಹಾಂ. ತಾಳಗುಂದದವರು ಯಾರೋ. "ಲೇಖಕಿ ಹೇಳಿದಷ್ಟು ಮಳೆ ಬಂದಿದ್ದರೆ ನಮ್ಮ ಮೆಕ್ಕೆಜೋಳ ತೇಲಿಕೊಂಡು ಸೊರಬದ ಬಸ್ ಸ್ಟ್ಯಾಂಡ್ ಸೇರುತ್ತಿತ್ತು." ಹ್ಹ! ...ಅಯ್ಯೋ, ಅಳಬೇಡ. ನಿನ್ನ ಅಂಕಣಗಳ ಪುಸ್ತಕವನ್ನೂ ನಿಲ್ಲಿಸಿದ್ರಾ? ಅಚ್ಚಿಗೆ ಹೋಗಿದ್ದನ್ನ ವಾಪಸ್ ತರಿಸಿದ್ರಾ? ಪಾಪ.

ಎಲ್ಲಿ ತಪ್ಪಿತು ಅಂತ ಕೇಳೋಕೆ ಬಂದ್ಯಾ? ಹೇಳ್ತೀನಿ. ನಾನು ಬಿ.ಎಸ್ಸಿ., ನೀನು ಬಿ.ಎ. ಆದರೂ ಗಂಡನ ತಂಗಿ, ಕೈಬಿಡೋಕಾಗುತ್ತಾ? ಮಿಲಿಮೀಟರ್ ಅಂದ್ರೆ ಬಿದ್ದ ಮಳೆ ನೆಲದ ಮೇಲೆ ಹಾಗೇ ನಿಂತಿದ್ರೆ ಎಷ್ಟು ಎತ್ತರ ಅಂತ. ಮಿಲಿಲೀಟರ್ ಅಂದ್ರೆ ಪಾತ್ರೆಯಲ್ಲಿ ಎಷ್ಟು ನೀರು ಅಂತ. ಮಳೆ ಅಳೀತೀನಿ ಅಂತ ನೀನು ಶಿಕಾರಿಪುರಕ್ಕೆ ಒಯ್ದ ನಮ್ಮ ಮಳೆಮಾಪಕದಲ್ಲಿ ಒಂದು ಮಿಲಿಮೀಟರ್ ಮಳೆಗೆ ಐದು ಮಿಲಿಲೀಟರ್ ನೀರು ಸೇರುತ್ತೆ. ಅದರ ಜೊತೆ ಬಂದ ಗಾಜಿನಲ್ಲಿ ಆ ಲೆಕ್ಕ ಹಾಕಿಯೇ ಗೀಟು ಎಳೆದಿರ್ತಾರೆ. ನೀನು ಅಳೆದದ್ದು ನನ್ನ ಕಾಲೇಜಿನ ಕಾಲದ ಲ್ಯಾಬಿನ ಗಾಜಲ್ಲಿ. ಅದು ಮಿಲಿಲೀಟರಿನ ಗಾಜು! ಮಳೆಯನ್ನ ಹಾಲಿನ ಹಾಗೆ ಅಳೆದು, ಮುಂದೆ ಮಿಲಿಮೀಟರ್ ಅಂತ ಬರೆದುಬಿಟ್ಟೆ!

ಏನು? ...ಹೌದು, ಕೊಟ್ಟಿದ್ದು ನಾನೇ. ಮಳೆಮಾಪಕದ ಗಾಜು ಒಡೆದು ಹೋಗಿತ್ತಲ್ಲ, ಇನ್ನೇನು ಕೊಡಲಿ? ಲ್ಯಾಬಿನ ಗಾಜಿನ ಮೇಲೆ ಎಂ.ಎಲ್. ಅನ್ನೋ ಅಕ್ಷರ ಅಳಿಸಿತ್ತು, ಒಪ್ತೀನಿ. ಗೀಟಿಗೊಂದು ಮಿಲಿಮೀಟರ್ ಅಂತ ನಾನು ಹೇಳಿದ್ನಾ? ಒಲೆ ಮೇಲೆ ಸಾರು ಕುದೀತಿತ್ತು, ಏನು ಹೇಳಿದ್ನೋ! ವಿಜ್ಞಾನ ಬರೆಯೋಳು ನೀನು. ಪರೀಕ್ಷೆ ಮಾಡಿ ನೋಡಬೇಕಾದವಳು ನೀನು!

ಹೋದ ವರ್ಷದ ಲೇಖನ ನೆನಪಿದೆಯಾ? "ಜಡೆಯ ಮಳೆ". ಎಷ್ಟು ಮಳೆಗಾಲ, ಬೆಳಿಗ್ಗೆ ಎಂಟೂವರೆಗೆ ಅಂಗಳಕ್ಕಿಳಿದು ಅಳೆದು ಬರೆದಿಟ್ಟವಳು ನಾನು. ಮಗಳ ಮದುವೆ ದಿನ ರೇಷ್ಮೆ ಸೀರೆ ಎತ್ತಿ ಕಟ್ಟಿ ಅಳೆದೆ. ಆ ಅಂಕಿಗಳನ್ನೆಲ್ಲ "ಅತ್ತಿಗೆ, ಅತ್ತಿಗೆ" ಅಂತ ಇಸ್ಕೊಂಡು ಹೋಗಿ, ಕೊನೆಗೆ ಏನು ಹಾಕಿದ್ದೆ? "ಮಾಹಿತಿ: ಸ್ಥಳೀಯ ಗೃಹಿಣಿ." ಗೃಹಿಣಿ! ವಾಗ್ದೇವಿ ಅನ್ನೋ ಮೂರಕ್ಷರಕ್ಕೆ ನಿನ್ನ ಪುಟದಲ್ಲಿ ಜಾಗ ಇರಲಿಲ್ವಾ? ಈಗ ಆ ಗೃಹಿಣಿ ಹತ್ರವೇ ಪಾಠ ಹೇಳಿಸ್ಕೊಳ್ಳೋಕೆ ಬಂದೆ, ನೋಡು.

ಯಾಕೆ ಎದ್ದೆ? ಬೈಯೋದಿದ್ರೆ ಬೈಯಿ...

ಏನು ನೋಡ್ತಿದ್ದೀಯ? ಅದಾ? ಹೂದಾನಿ. ಪ್ಲಾಸ್ಟಿಕ್ ಹೂವು, ಸೊರಬದ ಸಂತೆಯಲ್ಲಿ ತಂದಿದ್ದು... ಶೋಕೇಸ್ ಯಾಕೆ ತೆಗೀತೀಯ? ಹೂವು... ಹೂವು ಯಾಕೆ ಕೀಳ್ತಿದ್ದೀಯ? ಉದ್ದನೆ ಗಾಜು, ಅಷ್ಟೇ ಕಣೇ. ಮಿಲಿಮೀಟರ್ ಗೀಟಾ? ಯಾವ ಗೀಟು?... ಬೆಳಕಿಗೆ ಹಿಡೀಬೇಡ. ಶ್ರೀಲತಾ, ಕೆಳಗಿಡು ಅದನ್ನ. ಕೆಳಗಿಡು, ಒಡೆದು ಹೋಗುತ್ತೆ!