ಅತ್ತಿ ಅನಬ್ಯಾಡ

೧೯೯೭ರ ದೀಪಾವಳಿಗೆ ಇನ್ನೂ ಒಂದು ವಾರವಿತ್ತು. ಗುಲ್ಬರ್ಗಾದಿಂದ ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಅತ್ತೆ, ಪಕ್ಕದಲ್ಲಿ ಸೊಸೆ. ಸೂಪರ್ ಮಾರ್ಕೆಟ್‌ ಪೇಟೆಯಲ್ಲಿ ಕೊಂಡ ಹೊಸ ಸೀರೆ ಸೊಸೆಯ ತೊಡೆಯ ಮೇಲಿತ್ತು. ಅದು ಅವಳಿಗೆ ಕೊಂಡದ್ದಲ್ಲ.

“ಗೋದಾ, ಈ ಸೀರಿ ಉಡೋ ಲಂಡನ್ನಿನಾಕಿ ಹಬ್ಬಕ್ಕ ಬಂದು ಇರೋತನಕ ನನಗ ಅತ್ತಿ ಅನಬ್ಯಾಡ. ಅವ್ವಗ ಅಂದಂಗ ಆಯಿ ಅನ್ನು. ನೀ ಹೆಂಡತಿ ಅಲ್ಲ, ತಂಗಿ ಅಂತ ಪ್ರಲ್ಹಾದ ಆಕಿಗೆ ಹೇಳ್ಯಾನ.”

“ಲಂಡನ್ನಿನ ಲಗ್ನ ಬರೇ ಕಾಗದಕ್ಕ ಅಂದಿದ್ರಿ.”

“ಹೋಟೆಲ್ ಕೆಲಸದ ವೀಸಾ ಮುಗೀಲಾಕ ಬಂದಿತ್ತು. ಅಲ್ಲಿ ಹುಡುಗಿನ್ನ ಮಾಡ್ಕೊಂಡ್ರ ಕಾಯಂ ಇರ್ಲಾಕ ಬಿಡ್ತಾರಂತ. ಕಾಯಂ ಆತಂದ್ರ ಆಕಿನ್ನ ಬಿಟ್ಟು ನಿನ್ನ ಕರಸ್ಕೋತಾನ.”

“ನನ್ನ ಕೊರಳಾಗಿನ ತಾಳಿ ನೋಡಿ ಕೇಳಿದ್ರ?”

“ನಿನ್ನ ಗಂಡ ಮುಂಬೈದಾಗ ಇದ್ದಾನ ಅಂತ ಹೇಳೂಣು.”



“ಭಾವುಬೀಜ ಬರ್ತದಲ್ರೀ. ತಂಗಿ ಅಣ್ಣಗ ಆರತಿ ಮಾಡೋ ದಿನ.”

“ಮಾಡಬೇಕಾಗ್ತದ, ಗೋದಾ. ಅಲ್ಲೇ ಹುಟ್ಟಿದ್ರೂ ಆಕಿ ಮರಾಠಿ ಹುಡುಗಿ. ಮಾಡ್ಲಿಲ್ಲಂದ್ರ ಯಾಕಂತ ಕೇಳ್ತಾಳ.”

“ಮಾಡ್ತೀನ್ರಿ. ಆದ್ರ ಅಣ್ಣ ಅಂತ ಆರತಿ ಬೆಳಗಿದ ಮ್ಯಾಲ, ನಾಳೆ ಅವರು ಕರಸ್ಕೊಂಡ್ರೂ ನಾ ಹೆಂಗ ಬಾಳ್ವೆ ಮಾಡ್ಲಿ?”

ಕಮಲಾಪುರ ಬಂತೆಂದು ಕಂಡಕ್ಟರ್ ಕೂಗಿದ. ಗೋದಾ ಮೊದಲು ಇಳಿದು, ಕೆಳಗಿನಿಂದ ಕೈ ಚಾಚಿದಳು.

“ಕೈ ಹಿಡೀರಿ, ಆಯಿ.”

ಅತ್ತೆ ಆ ಕೈ ಹಿಡಿಯಲಿಲ್ಲ. ಬಾಗಿಲ ಕಂಬಿ ಹಿಡಿದು, ಮುಖಕ್ಕೆ ಸೆರಗು ಒತ್ತಿಕೊಂಡು ಇಳಿದರು.