ಅಮ್ಮನ ವಕೀಲರು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಇಂದು ನಮ್ಮ ಸನ್ಮಾನ ಸ್ವೀಕರಿಸುತ್ತಿರುವ ವಕೀಲ ಮೇಡಂ ಅವರೇ, ಊಟ ಯಾವಾಗ ಎಂದು ಗಡಿಯಾರ ನೋಡುತ್ತಿರುವ ವರ್ತಕ ಮಿತ್ರರೇ, ಸಭಿಕರೇ,

ಅಂಗಡಿಯಲ್ಲಿ ಕದ್ದ ಆರೋಪ ಹೊತ್ತವರ ಪರ ಉಚಿತವಾಗಿ ವಾದಿಸುವ ವಕೀಲರನ್ನು ಅಂಗಡಿ ಮಾಲೀಕರ ಸಂಘವೇ ಸನ್ಮಾನಿಸುವುದುಂಟೇ? ಇಲ್ಲ. ಸಮಿತಿಯಲ್ಲಿ ಅನೇಕರು ವಿರೋಧಿಸಿದರು. ಅಭಿನಂದನಾ ಭಾಷಣಕ್ಕೆ ಯಾರೂ ಒಪ್ಪಲಿಲ್ಲ. ಪ್ರಸ್ತಾಪ ನನ್ನದಾದ್ದರಿಂದ, ಮಾಡಿದವರೇ ಉಣ್ಣಲಿ ಎಂದರು.

ಸಿಕ್ಕಿಬಿದ್ದವರ ಪಕ್ಕ ಠಾಣೆಯ ಬೆಂಚಿನಲ್ಲಿ ಮೊದಲು ಬಂದು ಕೂರುವವರು ಮೇಡಂ. ನನ್ನನ್ನು ಕೇಳದೆ ಏನೂ ಹೇಳಬೇಡಿ, ಓದದೆ ಎಲ್ಲೂ ಸಹಿ ಹಾಕಬೇಡಿ ಎನ್ನುತ್ತಾರೆ. ನನಗೆ ಹೇಗೆ ಗೊತ್ತು? ನಮ್ಮ ತಾಯಿಗೆ ಹಾಗೆ ಹೇಳುವಾಗ ನಾನು ಎದುರಿಗೇ ನಿಂತಿದ್ದೆ.

ನಮ್ಮ ಅಂಗಡಿ ತಂದೆಯ ಕಾಲದಲ್ಲಿ ಒಂದೇ ಬಾಗಿಲಿನದು. ನಾನು ಮೂರು ಮಹಡಿ ಕಟ್ಟಿಸಿದೆ, ಕ್ಯಾಮೆರಾ ಹಾಕಿಸಿದೆ, ಕಾವಲಿನವರನ್ನು ಇಟ್ಟೆ. ಸಿಕ್ಕಿಬಿದ್ದವರೆಲ್ಲ ಮಾಲೀಕರ ಚಿಕ್ಕಪ್ಪ, ಷಡ್ಡಕ, ಸೋದರತ್ತೆ ಎನ್ನುತ್ತಿದ್ದರು. ನನಗೆ ಅಷ್ಟು ನೆಂಟರಿದ್ದರೆ ಬೇರೆ ಗಿರಾಕಿಗಳೇ ಬೇಕಿರಲಿಲ್ಲ. ಆದ್ದರಿಂದ ನೆಂಟಸ್ತಿಕೆ ಹೇಳಿದವರನ್ನು ನೇರವಾಗಿ ಪೊಲೀಸರಿಗೆ ಒಪ್ಪಿಸಿ ಎಂದು ನಿಯಮ ಮಾಡಿದೆ. ಒಳ್ಳೆಯ ನಿಯಮ. ಈಗಲೂ ಹಾಗೆಯೇ ಹೇಳುತ್ತೇನೆ.

ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಅಮ್ಮ ತಂಗಿಯ ಮನೆಯಲ್ಲಿದ್ದರು. ಹೊಸ ಕಟ್ಟಡ ನೋಡಿರಲಿಲ್ಲ. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಬಂದು, ಮೂರು ಮಹಡಿಯನ್ನೂ ಸುತ್ತಿ, ಒಂದು ಸೋಪು ಮತ್ತು ಬಾಚಣಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಮದುವೆಯಾಗಿ ಬಂದಾಗಿನಿಂದ ಮನೆಗೆ ಬೇಕಾದ್ದನ್ನು ಅವರು ಒಯ್ಯುತ್ತಿದ್ದುದೇ ಹಾಗೆ. ಕಾವಲಿನವನು ಹೊಸಬ. ನನಗೆ ಫೋನ್ ಮಾಡಿದ.

“ಸಾರ್, ಒಬ್ರು ಅಜ್ಜಿ ಸಿಕ್ಕಿದ್ದಾರೆ. ನಿಮ್ಮ ತಾಯಿ ಅಂತಾರೆ.”

“ಎಲ್ರೂ ಹಾಗೇ ಅಂತಾರೆ. ಸ್ಟೇಷನ್ನಿಗೆ ಕಳ್ಸು,” ಎಂದೆ.

ಅವನು ಸ್ಪೀಕರ್ ಹಾಕಿದ್ದನಂತೆ. ಆಮೇಲೆ ಅಮ್ಮ ತಾವು ಯಾರೆಂದು ಯಾರಿಗೂ ಹೇಳಲಿಲ್ಲ. ಠಾಣೆಯಲ್ಲಿ ಮಕ್ಕಳೆಷ್ಟು ಎಂದು ಮೇಡಂ ಕೇಳಿದಾಗ, ಒಬ್ಬಳೇ ಮಗಳು ಎಂದು ತಂಗಿಯ ನಂಬರ್ ಕೊಟ್ಟರು. ತಂಗಿ ನನಗೆ ಹೇಳಿದಳು. ನಾನು ಠಾಣೆಗೆ ಓಡಿದೆ.

“ನೀವು ಯಾರು?” ಎಂದರು ಮೇಡಂ.

“ಇವರ ಮಗ.”

“ದೂರು ಕೊಟ್ಟೋರು?”

“ಅದೂ ನಾನೇ.”

“ಹಾಗಾದ್ರೆ ನನ್ನ ಕಕ್ಷಿದಾರರ ಹತ್ರ ನೀವು ಮಾತಾಡೋ ಹಾಗಿಲ್ಲ.”

ದೂರು ಹಿಂಪಡೆಯುತ್ತೇನೆ ಎಂದೆ. ಅಮ್ಮ ಮೇಡಂ ಕಿವಿಯಲ್ಲಿ ಏನೋ ಹೇಳಿದರು. ಮೇಡಂ ಅದನ್ನು ನನಗೆ ತಲುಪಿಸಿದರು: “ಹಿಂದಕ್ಕೆ ತಗೊಂಡ್ರೆ ಮಗ ಬಿಟ್ಟ ಅಂತಾರೆ. ಕದ್ದಿಲ್ಲ ಅಂತ ಕೋರ್ಟೇ ಹೇಳ್ಲಿ.”

ಹೀಗೆ ನಾನು ಕಟಕಟೆ ಹತ್ತಿದೆ. ಹಳೆಯ ಅಂಗಡಿಯ ಗಲ್ಲಾದಲ್ಲಿ ಯಾರು ಕೂರುತ್ತಿದ್ದರು ಎಂದು ಮೇಡಂ ಕೇಳಿದರು. ಅಮ್ಮ ಎಂದೆ. ಚಿಕ್ಕಂದಿನಲ್ಲಿ ನಿಮ್ಮ ಸ್ನಾನಕ್ಕೆ ಸೋಪು ಎಲ್ಲಿಂದ ಬರುತ್ತಿತ್ತು? ಅಂಗಡಿಯಿಂದ. ಬಿಲ್ ಹಾಕುತ್ತಿದ್ದರೇ? ಇಲ್ಲ.

“ಹಾಗಾದ್ರೆ ನೀವು ಕದ್ದ ಮಾಲಲ್ಲೇ ಸ್ನಾನ ಮಾಡ್ಕೊಂಡು ದೊಡ್ಡೋರಾದ್ರಾ?”

ನ್ಯಾಯಾಧೀಶರು ಕೆಮ್ಮಿದರು, ಉತ್ತರಿಸಬೇಕಾಗಿಲ್ಲ ಎಂದರು. ತನ್ನದೆಂದೇ ನಂಬಿ ಒಯ್ದವರಿಗೆ ಕದಿಯುವ ಉದ್ದೇಶವಿರುವುದಿಲ್ಲ ಎಂದು ತೀರ್ಪಾಯಿತು.

ಹೊರಗೆ ಬಂದು ಕಾರಿನ ಬಾಗಿಲು ತೆರೆದು ನಿಂತೆ. ಅಮ್ಮ ಮೇಡಂ ಕಡೆ ತಿರುಗಿ, “ನಾನು ಬಸ್ಸಲ್ಲಿ ಹೋಗ್ತೀನಿ ಅಂತ ಅವ್ರಿಗೆ ಹೇಳಿ,” ಎಂದರು. ನಾನು ಒಂದು ಮಾರು ದೂರದಲ್ಲಿದ್ದೆ. ಆದರೂ ಮೇಡಂ ನನಗೆ ಹೇಳಿದರು.

ಅಂದಿನಿಂದ ಅಮ್ಮನ ಮಂಡಿನೋವು ಹೇಗಿದೆ ಎಂಬುದನ್ನೂ ಮೇಡಂ ಮೂಲಕವೇ ಕೇಳುತ್ತೇನೆ. ಇದು ಅವರ ಕೆಲಸವೇ? ಅಲ್ಲ. ಒಮ್ಮೆಯಾದರೂ ಬೇಸರಿಸಿಕೊಂಡರೇ? ಇಲ್ಲ. ಈ ಸನ್ಮಾನಕ್ಕೆ ಅದೂ ಒಂದು ಕಾರಣ.

ಅಮ್ಮ ಇಂದು ಮೂರನೇ ಸಾಲಿನಲ್ಲಿದ್ದಾರೆ. ಬಂದಿರುವುದು ಮೇಡಂಗಾಗಿ, ಚಪ್ಪಾಳೆಯೂ ಅವರಿಗೇ. ಕಾರು ಹತ್ತುವುದಿಲ್ಲ ಎಂದು ನನಗೆ ಗೊತ್ತು. ಹಾಗಾಗಿ ನಾನೂ ಇವತ್ತು ಬಸ್ಸಿನಲ್ಲೇ ಬಂದಿದ್ದೇನೆ. ಸಭೆ ಮುಗಿದ ಮೇಲೆ ನಿಲ್ದಾಣದಲ್ಲಿ ಕಾಯುತ್ತೇನೆ. ಯಾವ ಬಸ್ಸಾದರೂ ಸರಿ, ಮಾತಾಡದಿದ್ದರೂ ಸರಿ. ಮೇಡಂ ಅವರು ಇದನ್ನು ದಯವಿಟ್ಟು ತಮ್ಮ ಕಕ್ಷಿದಾರರಿಗೆ ತಿಳಿಸಬೇಕು.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ, ಎದ್ದು ಹೋಗದ ಮೂರನೇ ಸಾಲಿಗೆ ವಿಶೇಷವಾಗಿ, ವಂದನೆಗಳು. ನಮಸ್ಕಾರ.